ಯಾರ ಕೈ, ಯಾರ ಮಾತು

ಅಕ್ಷರಾಭ್ಯಾಸವನ್ನು ನೋಡದವರು ನಮ್ಮಲ್ಲಿ ಕಡಿಮೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಹಿರಿಯರು 'ಶ್ರೀ' ಎಂದೋ 'ಓಂ' ಎಂದೋ ಬರೆಸುತ್ತಾರೆ. ಅಕ್ಕಿಯ ಮೇಲೆ ಅಕ್ಷರ ಮೂಡುತ್ತದೆ. ಮಗು ಬರೆಯಿತು ಎಂದು ಎಲ್ಲರೂ ಸಂಭ್ರಮಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಬೆರಳು ಮಗುವಿನದು, ಅಕ್ಷರ ಹಿರಿಯರದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಆದರೂ ಅದು ಸುಳ್ಳಲ್ಲ. ಮುಂದೆ ಒಂದು ದಿನ ಈ ಕೈಯನ್ನು ಬಿಡುತ್ತೇವೆ, ಆಗ ಅದು ತಾನೇ ಬರೆಯುತ್ತದೆ ಎಂಬ ಭರವಸೆ ಆ ಆಟದಲ್ಲಿದೆ. ಸ್ಲೇಟಿನ ಮೇಲೆ ತಿದ್ದಿಸುವುದೂ ಹಾಗೆಯೇ. ಕೈ ಹಿಡಿಯುವುದು ಕೈ ಬಿಡುವುದಕ್ಕಾಗಿ.

ನಾನಿರುವ ಯಲಹಂಕದ ಕಡೆ ಇನ್ನೊಂದು ಬಗೆಯಲ್ಲಿ ಕೈ ಹಿಡಿದ ಕಥೆಗಳಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಹೆಬ್ಬಾಳದಿಂದಾಚೆಯ ಹೊಲ, ತೋಟ, ದ್ರಾಕ್ಷಿ ಚಪ್ಪರಗಳಿಗೆ ಚಿನ್ನದ ಬೆಲೆ ಬಂತು. ಹಾಸಿಗೆ ಹಿಡಿದ ಅಜ್ಜನ ಹೆಬ್ಬೆಟ್ಟನ್ನು ಯಾರೋ ಹಿಡಿದು ಕಾಗದಕ್ಕೆ ಒತ್ತಿಸಿದರಂತೆ ಎಂಬ ಮಾತನ್ನು ಇಲ್ಲಿನ ಹಳೆಯ ಮನೆಗಳಲ್ಲಿ ಕೇಳಿದ್ದೇನೆ. ಗುರುತು ಅಜ್ಜನದೇ, ಒಪ್ಪಿಗೆ ಮಾತ್ರ ಅವರದಲ್ಲ. ಅದಕ್ಕಾಗಿಯೇ ಸಬ್ ರಿಜಿಸ್ಟ್ರಾರ್ ಎದುರು ಬರೆದುಕೊಡುವವರೇ ಬಂದು ನಿಂತು, ತಾನು ಒಪ್ಪಿ ಕೊಡುತ್ತಿದ್ದೇನೆ ಎಂದು ಹೇಳಬೇಕು. ಹಾಗೆ ಕೇಳುವುದು ಅಜ್ಜನಿಗೆ ಅವಮಾನ ಎಂದು ಯಾರೂ ಜಗಳಕ್ಕೆ ಬರುವುದಿಲ್ಲ. ಅಜ್ಜನನ್ನು ಉಳಿಸುವುದಕ್ಕೆಂದೇ ಇರುವ ಪ್ರಶ್ನೆ ಅದು.

ಇವೆರಡರ ನಡುವೆ ಮೂರನೆಯ ಬಗೆಯ ಹಿಡಿತವೊಂದಿದೆ. ಈ ಬರಹ ಅದರ ಬಗ್ಗೆ. ಆಟಿಸಂ ಇರುವ, ಮಾತು ಬಾರದ ವ್ಯಕ್ತಿಯ ಮಣಿಕಟ್ಟನ್ನೋ ಮೊಣಕೈಯನ್ನೋ ತೋಳನ್ನೋ ಇನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಎದುರಿಗೆ ಅಕ್ಷರದ ಹಲಗೆ ಅಥವಾ ಟ್ಯಾಬ್ ಇರುತ್ತದೆ. ಬೆರಳು ಒಂದೊಂದೇ ಅಕ್ಷರವನ್ನು ಮುಟ್ಟುತ್ತ ಹೋಗುತ್ತದೆ, ಪದವಾಗುತ್ತದೆ, ವಾಕ್ಯವಾಗುತ್ತದೆ. ಇದನ್ನು ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಎಂದು ಕರೆಯುತ್ತಿದ್ದರು, ಈಚೆಗೆ ಸಪೋರ್ಟೆಡ್ ಟೈಪಿಂಗ್ ಎನ್ನುವ ಹೆಸರೂ ಇದೆ. ಕನ್ನಡದಲ್ಲಿ ಆಸರೆಯ ಟೈಪಿಂಗ್ ಎನ್ನೋಣ. ಕೈ ಮುಟ್ಟದೆ, ಹಲಗೆಯನ್ನು ಮಾತ್ರ ಗಾಳಿಯಲ್ಲಿ ಹಿಡಿದುಕೊಳ್ಳುವ ಬಗೆಗಳೂ ಇವೆ. ಹುಟ್ಟಿನಿಂದ ಒಂದು ಮಾತೂ ಆಡದ ಮಗ ಹದಿನಾಲ್ಕನೆಯ ವಯಸ್ಸಿನಲ್ಲಿ ಹೀಗೆ ತಾಯಿಗೆ ಪುಟಗಟ್ಟಲೆ ಬರೆದರೆ ಆ ಮನೆಯಲ್ಲಿ ಏನಾಗಬಹುದು ಎಂದು ಊಹಿಸಿ. ಬರೆದದ್ದು ಅವನೇ ಹೌದೇ ಎಂದು ಕೇಳುವುದಕ್ಕೆ ಬಾಯಿ ಬರುವುದು ಎಷ್ಟು ಕಷ್ಟ ಎಂದೂ ಊಹಿಸಿ.

ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ರಸ್ತೆಯ ಮನೆಯೊಂದರಲ್ಲಿ ಇಂಥ ಹುಡುಗನಿದ್ದಾನೆ. ಅವನ ತಾಯಿ ಒಂದು ಸಂಜೆ ಹಾಳೆಯೊಂದನ್ನು ತಂದುಕೊಟ್ಟರು. ಇಂಗ್ಲಿಷ್ ಕವಿತೆ, ಹನ್ನೊಂದು ಸಾಲು. ನಮ್ಮ ತಲೆಯ ಮೇಲೆ ಹಗಲೂ ರಾತ್ರಿ ಹಾರುವ ವಿಮಾನಗಳ ಬಗ್ಗೆ. ಅವಕ್ಕೆ ಇಳಿಯಲು ನೆಲವಿದೆ, ತನ್ನ ಮಾತಿಗೆ ಇಲ್ಲ ಎಂಬ ಅರ್ಥ. ಚೆನ್ನಾಗಿತ್ತು. "ಅಕ್ಕ, ನೀವು ಪತ್ರಿಕೆಗೆಲ್ಲ ಬರೀತೀರಲ್ಲ, ಇದನ್ನ ಎಲ್ಲಾದ್ರೂ ಹಾಕಿಸ್ಕೊಡಿ. ಅವನ ಹೆಸರು ಬರಬೇಕು" ಎಂದರು. ಆಮೇಲೆ ಅವರ ಮನೆಗೆ ಹೋದಾಗ ಬರೆಸಿಯೂ ತೋರಿಸಿದರು. ಅವರ ಅಂಗೈ ಹುಡುಗನ ಮಣಿಕಟ್ಟಿನ ಕೆಳಗಿತ್ತು. ಬೆರಳು ಟ್ಯಾಬಿನ ಮೇಲೆ ಚಕಚಕ ಓಡಿತು. ಅವನ ಕಣ್ಣು ಫ್ಯಾನಿನ ಮೇಲಿತ್ತು. ನನ್ನ ಮುಖ ನೋಡಿ ಅವರೇ, "ಅವನು ಓರೆಗಣ್ಣಲ್ಲಿ ನೋಡ್ತಾನೆ" ಎಂದರು. ಇರಬಹುದು. ಆಟಿಸಂ ಇರುವ ಹಲವರು ನೇರವಾಗಿ ನೋಡದೆಯೂ ನೋಡುತ್ತಾರೆ. ಆದರೆ ಒಂದೇ ಬೆರಳಿನಲ್ಲಿ, ಕೀಲಿಗಳ ಮೇಲೆ ಕಣ್ಣಿಡದೆ ಹನ್ನೊಂದು ಸಾಲು ತಪ್ಪಿಲ್ಲದೆ ಟೈಪ್ ಮಾಡುವುದು ನನ್ನಿಂದಾಗದು. ನಿಮ್ಮಿಂದಲೂ ಆಗಲಿಕ್ಕಿಲ್ಲ.

ಈ ವಿಧಾನದ ಹಿಂದಿನ ಕಥೆ ಸಣ್ಣದಲ್ಲ. 1977ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸೇಂಟ್ ನಿಕೋಲಸ್ ಆಸ್ಪತ್ರೆಯಲ್ಲಿ ರೋಸ್‌ಮೇರಿ ಕ್ರಾಸ್ಲಿ ಎಂಬುವರು ಸೆರೆಬ್ರಲ್ ಪಾಲ್ಸಿ ಇದ್ದ ಆ್ಯನ್ ಮೆಕ್‌ಡೊನಾಲ್ಡ್ ಎಂಬ ಹುಡುಗಿಯ ತೋಳಿಗೆ ಆಸರೆ ಕೊಟ್ಟು ಅಕ್ಷರ ತೋರಿಸಲು ಕಲಿಸಿದರು. ಆ ಹುಡುಗಿಗೆ ಆಸ್ಪತ್ರೆಯಿಂದ ಹೊರಬರುವ ಹಕ್ಕಿದೆ ಎಂದು 1979ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಡಗ್ಲಸ್ ಬಿಕ್ಲನ್ ಈ ವಿಧಾನವನ್ನು ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ತಂದರು, 1990ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿಂದ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಬುದ್ಧಿಯೇ ಇಲ್ಲ ಎಂದು ವೈದ್ಯರು ಕೈಚೆಲ್ಲಿದ್ದ ಮಕ್ಕಳು ಕವಿತೆ ಬರೆದರು, ಬೀಜಗಣಿತ ಮಾಡಿದರು, ಕಾಲೇಜಿಗೂ ಹೋದರು.

ಆಮೇಲೆ ಯಾರೋ ಒಂದು ಸರಳ ಪ್ರಶ್ನೆ ಕೇಳಿದರು. ಮಗುವಿಗೆ ಗೊತ್ತಿದ್ದು, ಆಸರೆ ಕೊಡುವವರಿಗೆ ಗೊತ್ತಿಲ್ಲದ ಸಂಗತಿಯನ್ನು ಬರೆಯಲು ಬರುತ್ತದೆಯೇ? ನ್ಯೂಯಾರ್ಕ್ ರಾಜ್ಯದ ಒ. ಡಿ. ಹೆಕ್ ಕೇಂದ್ರದಲ್ಲಿ ಈ ವಿಧಾನ ದಿನಬಳಕೆಯಲ್ಲಿತ್ತು. ಅನುಮಾನ ಪಡುವವರ ಬಾಯಿ ಮುಚ್ಚಿಸೋಣ ಎಂದೇ ಅಲ್ಲಿನವರು ಪರೀಕ್ಷೆ ಏರ್ಪಡಿಸಿದರು. 12 ಮಂದಿ ಬರೆಯುವವರು, 9 ಮಂದಿ ಆಸರೆ ಕೊಡುವವರು. ಇಬ್ಬರ ನಡುವೆ ಅಡ್ಡಗೋಡೆ ಇಟ್ಟು ಇಬ್ಬರಿಗೂ ಬೇರೆ ಬೇರೆ ಚಿತ್ರ ತೋರಿಸಿದರು. ಇವನಿಗೆ ಬೀಗದ ಕೈ ಕಂಡರೆ ಅವಳಿಗೆ ಬಟ್ಟಲು ಕಂಡಂತೆ. ಬರೆದ ಉತ್ತರಗಳು ಆಸರೆ ಕೊಟ್ಟವರು ಕಂಡ ಚಿತ್ರವನ್ನೇ ಹೇಳಿದವು. ಮಗು ಮಾತ್ರ ಕಂಡದ್ದನ್ನು ಒಂದೂ ಹೇಳಲಿಲ್ಲ. 1993ರಲ್ಲಿ ಇದು ಪ್ರಕಟವಾಯಿತು. ಬೇರೆ ಕಡೆಗಳಲ್ಲಿ ನಡೆದ ಪರೀಕ್ಷೆಗಳಿಂದಲೂ ಇದೇ ಬಗೆಯ ಉತ್ತರ ಬಂತು. 1994ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ, ಈ ವಿಧಾನಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ನಿರ್ಣಯ ಮಾಡಿತು.

ಅಷ್ಟೂ ಜನ ಮೋಸ ಮಾಡುತ್ತಿದ್ದರೇ? ಇಲ್ಲ. ಈ ಪ್ರಶ್ನೆಯ ನೈತಿಕ ಕಷ್ಟವೆಲ್ಲ ಇರುವುದು ಇಲ್ಲಿಯೇ. ನಮ್ಮ ಬೀದಿಗಳಿಗೆ ಈಗಲೂ ಒಮ್ಮೊಮ್ಮೆ ಕೋಲೆ ಬಸವ ಬರುತ್ತದೆ. ಜೂಲು ಹೊದ್ದ ಎತ್ತು, ಪಕ್ಕದಲ್ಲಿ ವಾದ್ಯ ಊದುವವನು. "ಈ ಮನೆ ಅಮ್ಮಾವ್ರಿಗೆ ಒಳ್ಳೇದಾಗ್ತದೇನಪ್ಪಾ ಬಸವಣ್ಣಾ?" ಎಂದರೆ ಬಸವ ತಲೆಯಾಡಿಸುತ್ತದೆ. ಹಗ್ಗ ಯಾರ ಕೈಯಲ್ಲಿದೆ ಎಂಬುದು ನಮಗೂ ಗೊತ್ತು, ಅವನಿಗೂ ಗೊತ್ತು. ಬರ್ಲಿನ್ನಿನ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ಮೇಷ್ಟರ ಕುದುರೆ ಹಾನ್ಸ್‌ಗೆ ಹಗ್ಗವೇ ಇರಲಿಲ್ಲ. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫಂಗ್ಸ್ಟ್ ಪರೀಕ್ಷಿಸಿ ನೋಡಿದರೆ, ಕೇಳುವವನಿಗೆ ಉತ್ತರ ಗೊತ್ತಿದ್ದಾಗ ಮಾತ್ರ ಕುದುರೆಗೂ ಗೊತ್ತಿರುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಮೇಷ್ಟರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದು ಮೇಷ್ಟರಿಗೇ ತಿಳಿದಿರಲಿಲ್ಲ. ಕೋಲೆ ಬಸವನವನು ತನ್ನ ಹಗ್ಗವನ್ನು ಬಲ್ಲ. ಈ ಮೇಷ್ಟರು ಅರಿಯರು. ನಾನು ಹೋಲಿಸುತ್ತಿರುವುದು ಮಗುವನ್ನು ಪ್ರಾಣಿಯ ಜೊತೆಗಲ್ಲ, ಹಿಡಿದ ಕೈಯನ್ನು ಈ ಇಬ್ಬರ ಕೈಯ ಜೊತೆಗೆ. ನಮ್ಮ ಸ್ನಾಯುಗಳು ನಮಗೆ ಹೇಳದೆಯೇ ಕೆಲಸ ಮಾಡಬಲ್ಲವು. 'ಕೈವಾಡ' ಎಂಬ ನಮ್ಮ ಪದದಲ್ಲಿ ಸಂಚು ಇದೆ. ಸಂಚಿಲ್ಲದ, ಪ್ರೀತಿಯೇ ತುಂಬಿದ ಕೈವಾಡಕ್ಕೆ ನಮ್ಮಲ್ಲಿ ಪದವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಸುಲಭ. ಆದರೆ ಕಥೆಯ ಇನ್ನೊಂದು ತುದಿ ನಮ್ಮ ಕರ್ನಾಟಕದಲ್ಲೇ ಇದೆ. ಸೋಮಾ ಮುಖೋಪಾಧ್ಯಾಯ ಎಂಬ ತಾಯಿ, ಅವರ ಮಗ ಟಿಟೊ. ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ಹುಡುಗ. ಮಾತಾಡುವುದು ಅವನಿಗೆ ತೀರಾ ಕಷ್ಟ. ರಸಾಯನಶಾಸ್ತ್ರ ಓದಿದ್ದ ಸೋಮಾ ಅವನಿಗೆ ಹಗಲಿರುಳು ಪುಸ್ತಕ ಓದಿ ಹೇಳಿದರು, ಹಲಗೆಯಲ್ಲಿ ಅಕ್ಷರ ತೋರಿಸಲು ಕಲಿಸಿದರು, ಪೆನ್ಸಿಲ್ಲನ್ನು ರಬ್ಬರ್ ಬ್ಯಾಂಡಿನಿಂದ ಕೈಗೆ ಕಟ್ಟಿ ಬರೆಸಿದರು. ಅವನ ಜೊತೆ ಕೆಲಸ ಮಾಡಿದವರಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತರೂ ಒಬ್ಬರು. ಎಂಟರಿಂದ ಹನ್ನೊಂದರ ವಯಸ್ಸಿನ ನಡುವೆ ಟಿಟೊ ಬರೆದದ್ದು 2000ದಲ್ಲಿ ಲಂಡನ್ನಿನಲ್ಲಿ 'ಬಿಯಾಂಡ್ ದಿ ಸೈಲೆನ್ಸ್' ಎಂಬ ಪುಸ್ತಕವಾಗಿ ಬಂತು. ಬಿಬಿಸಿ ಅವನ ಬಗ್ಗೆ ಸಾಕ್ಷ್ಯಚಿತ್ರ ಮಾಡಿತು. 2001ರಲ್ಲಿ ತಾಯಿ ಮಗ ಅಮೆರಿಕಕ್ಕೆ ಹೋದರು. ಅಲ್ಲಿನ ವಿಜ್ಞಾನಿಗಳೂ ಅವನನ್ನು ಕೂರಿಸಿಕೊಂಡು ನೋಡಿದರು. ತಾಯಿ ಕೈ ಹಿಡಿಯದೆ ಅವನು ತನ್ನ ಕೈಯಿಂದಲೇ ಬರೆಯಬಲ್ಲ ಎಂಬುದು ಅವನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಯಿತು. ಅಕ್ಕಿಯ ತಟ್ಟೆಯ ಭರವಸೆ ಅಲ್ಲಿ ನಿಜವಾಯಿತು. ಹಿಡಿದ ಕೈಯನ್ನು ತಾಯಿ ಬಿಟ್ಟರು.

ಸೋಮಾ ತಮ್ಮ ಕ್ರಮಕ್ಕೆ ರ್‍ಯಾಪಿಡ್ ಪ್ರಾಂಪ್ಟಿಂಗ್ ಎಂದು ಹೆಸರಿಟ್ಟು ಅಮೆರಿಕದಲ್ಲಿ ಇತರ ಮಕ್ಕಳಿಗೂ ಕಲಿಸತೊಡಗಿದರು. ಟಿಟೊನಿಗೆ ಒಲಿದದ್ದು ಎಲ್ಲರಿಗೂ ಒಲಿಯಿತೇ? 2018ರಲ್ಲಿ ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ, ಈ ಕ್ರಮಕ್ಕೂ ಸಾಕಷ್ಟು ಪುರಾವೆಯಿಲ್ಲ, ಬಳಸಬೇಡಿ ಎಂದಿತು. 2020ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಲಗೆ ಬಳಸುವ 9 ಮಂದಿಯ ಕಣ್ಣಿನ ಚಲನೆ ಅಳೆದು, ಬೆರಳಿಗಿಂತ ಮೊದಲೇ ಕಣ್ಣು ಆ ಅಕ್ಷರದ ಮೇಲೆ ಹೋಗುತ್ತದೆ ಎಂದು ತೋರಿಸಿದರು. ಹಲಗೆ ಹಿಡಿದವರಿಗೆ ಗೊತ್ತಿಲ್ಲದ್ದನ್ನು ಹೇಳಿಸಿ ನೋಡುವ ಸರಳ ಪರೀಕ್ಷೆಯನ್ನೇ ಮಾಡಲಿಲ್ಲವಲ್ಲ ಎಂದು ಟೀಕಾಕಾರರು ಹೇಳಿದರು. ವಾದ ಮುಗಿದಿಲ್ಲ. ನನಗೆ ಇಷ್ಟು ತಿಳಿಯುತ್ತದೆ: ಮಾತು ಬಾರದವರ ಒಳಗೆ ಮನಸ್ಸು ಇದೆಯೇ ಎನ್ನುವುದು ಒಂದು ಪ್ರಶ್ನೆ, ಈ ಹಾಳೆಯ ಮೇಲಿರುವ ವಾಕ್ಯ ಆ ಮನಸ್ಸಿನದೇ ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಪರೀಕ್ಷೆಯೇ ಬೇಡ, ಇದೆ ಎಂದುಕೊಂಡೇ ಹೊರಡಬೇಕು. ಎರಡನೆಯದನ್ನು ನೋಡದೆ ಒಪ್ಪಬಾರದು. ಜಗಳವೆಲ್ಲ ಹುಟ್ಟುವುದು ಇವೆರಡನ್ನೂ ಒಂದೇ ಗಂಟು ಕಟ್ಟುವುದರಿಂದ. ಬರಹದ ಮೇಲೆ ಅನುಮಾನ ಪಟ್ಟರೆ ಹುಡುಗನ ಮೇಲೆ ಅನುಮಾನ ಪಟ್ಟಂತೆ ಎಂದು ಒಬ್ಬರು, ಬರಹ ಅವನದಲ್ಲ ಎಂದಾದರೆ ಅವನೊಳಗೆ ಏನೂ ಇಲ್ಲ ಎಂದು ಇನ್ನೊಬ್ಬರು. ಎರಡೂ ಒಂದೇ ತಪ್ಪಿನ ಎರಡು ಮುಖ.

ಪಕ್ಕದ ಮನೆಯ ತಾಯಿಗೆ ಇದನ್ನು ಇಷ್ಟು ಉದ್ದ ಹೇಳಲಿಲ್ಲ. ಕವಿತೆ ಚೆನ್ನಾಗಿದೆ, ಅವನ ಹೆಸರಿನಲ್ಲಿ ಕಳಿಸುವ ಮೊದಲು ಒಂದು ಸಣ್ಣ ಕೆಲಸ ಮಾಡೋಣವೇ ಎಂದು ಕೇಳಿದೆ. ನೀವು ಅಡುಗೆಮನೆಯಲ್ಲಿರಿ, ನಾನು ಅವನಿಗೊಂದು ಚಿತ್ರ ತೋರಿಸುತ್ತೇನೆ, ಆಮೇಲೆ ಬಂದು ಬರೆಸಿ, ನೀವು ಬೇಡ ಎಂದರೆ ಬೇಡ ಎಂದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಎರಡು ವರ್ಷ ಇದ್ದಾಗ ಡಾಕ್ಟ್ರು ಹೇಳಿದ ದಿವ್ಸ ಅವನನ್ನ ಒಂದು ಸಲ ಕಳ್ಕೊಂಡೆ ಅಕ್ಕ. ಈ ಪರೀಕ್ಷೆಲಿ ಬರ್ಲಿಲ್ಲ ಅಂದ್ರೆ ಎರಡನೇ ಸಲ ಕಳ್ಕೊತೀನಿ." ಹೆಸರಿನ ಬಗ್ಗೆ ಅನುಮಾನವಿದ್ದರೆ ನಿಮ್ಮ ಹೆಸರಲ್ಲೇ ಕಳಿಸೋಣ, ಸಂತೋಷವಾಗಿ ಕಳಿಸುತ್ತೇನೆ ಎಂದೆ. "ಅಯ್ಯೋ, ನಂದು ಅಂತ ಹೆಂಗೆ ಹಾಕ್ಲಿ? ನಂಗೆಲ್ಲಿ ಬರುತ್ತೆ ಇದೆಲ್ಲ?" ಎಂದು ನಕ್ಕರು. ಪರೀಕ್ಷೆ ನಡೆಯಲಿಲ್ಲ. ಒತ್ತಾಯ ಮಾಡುವ ಹಕ್ಕು ನನಗಿರಲಿಲ್ಲ.

ಆ ನಗು ನನ್ನನ್ನು ಬಹಳ ಕಾಡಿದೆ. ಗದುಗಿನ ನಾರಣಪ್ಪ ತನ್ನ ಭಾರತದ ಆರಂಭದಲ್ಲಿ, ಕವಿ ವೀರನಾರಾಯಣ, ತಾನು ಬರೆದುಕೊಂಡವನು ಮಾತ್ರ ಎನ್ನುತ್ತಾನೆ. ನಮಗೆ ಆ ವಿನಯ ಹಿತವೆನಿಸುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ. ವೀರನಾರಾಯಣನ ಮಾತನ್ನು ಕುಮಾರವ್ಯಾಸ ಕಸಿದುಕೊಳ್ಳಲಾರ. ಆಸರೆಯ ಟೈಪಿಂಗಿನಲ್ಲಿಯೂ ಇದೇ ವಿನಯವಿದೆ. ಕವಿ ನನ್ನ ಮಗ, ನಾನು ಬರೀ ಕೈ. ಇಲ್ಲಿ ಮಾತ್ರ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಕವಿತೆ ಮಗನದಲ್ಲದಿದ್ದರೆ, ಅವನು ಹೇಳದ ಮಾತು ಅವನ ಬಾಯಿಗೆ ಬರುತ್ತದೆ, ಅವನು ನಿಜಕ್ಕೂ ಹೇಳುತ್ತಿರುವುದು ಯಾರ ಕಿವಿಗೂ ಬೀಳುವುದಿಲ್ಲ. ಮರೆಯಾಗುವುದು ಅವನೊಬ್ಬನೇ ಅಲ್ಲ. ಹನ್ನೊಂದು ಸಾಲಿನಲ್ಲಿ ವಿಮಾನವನ್ನೂ ಮಾತನ್ನೂ ಹಾಗೆ ಜೋಡಿಸಬಲ್ಲ ಹೆಣ್ಣುಮಗಳೊಬ್ಬಳು, ಹದಿನಾಲ್ಕು ವರ್ಷ ಥೆರಪಿ ಕೋಣೆಗಳ ಹೊರಗಿನ ಬೆಂಚಿನ ಮೇಲೆ ಕಾದು ಕೂತವಳು, ತನ್ನ ಕವಿತೆಯನ್ನು ತನ್ನದೆಂದು ಗುರುತಿಸದೆ ಹೋಗುತ್ತಾಳೆ. ಒಂದು ಮನೆಯಲ್ಲಿ ಎರಡು ದನಿಗಳಿದ್ದವು. ಒಂದನ್ನು ಇನ್ನೊಂದರ ಹೆಸರಿನಲ್ಲಿ ಕೇಳಿಸಿಕೊಂಡು ಎರಡನ್ನೂ ಕಳೆದುಕೊಂಡಂತಾಗುತ್ತದೆ.

ಕವಿತೆ ಇಂಗ್ಲಿಷಿನಲ್ಲಿ ಇತ್ತು ಎಂದೆ. ಅದೂ ಯೋಚಿಸಬೇಕಾದ ಸಂಗತಿ. ಆ ಮನೆಯ ಮಾತು ಕನ್ನಡ. ಹುಡುಗನಿಗೆ ಹಾಡು, ಗದರಿಕೆ, ಮುದ್ದು ಎಲ್ಲ ಕನ್ನಡದಲ್ಲಿ. ಆದರೆ ಹಲಗೆ ಇಂಗ್ಲಿಷಿನದು. ಇಪ್ಪತ್ತಾರು ಮನೆಗಳಲ್ಲಿ ಎಲ್ಲವೂ ಮುಗಿಯುತ್ತದೆ. ಕನ್ನಡದ ನಲವತ್ತೊಂಬತ್ತು ಅಕ್ಷರ, ಅವುಗಳ ಕಾಗುಣಿತ, ಒತ್ತು ಎಲ್ಲವನ್ನೂ ಒಂದು ಹಲಗೆಯಲ್ಲಿ ಕೂರಿಸುವುದು ಕಷ್ಟ. 'ನೀರು' ಎನ್ನಲು ನ, ಅದರ ದೀರ್ಘ, ರ, ಅದರ ಕೊಂಬು ಮುಟ್ಟಬೇಕು. 'ಅಮ್ಮ' ಎನ್ನಲು ಒತ್ತು ಹುಡುಕಬೇಕು. ಹೀಗಾಗಿ ಯಲಹಂಕದ, ಆರ್.ಟಿ. ನಗರದ ಮಗು ಮೊದಲ ಬಾರಿ 'ಮಾತಾಡುವಾಗ' ಅದು ತಾಯಿಯ ಜೊತೆಗೇ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಟೀವಿ, ಯೂಟ್ಯೂಬ್ ನೋಡಿ ಇಂಗ್ಲಿಷ್ ಕಲಿತ ಆಟಿಸಂ ಮಕ್ಕಳು ಇದ್ದಾರೆ, ಆದ್ದರಿಂದ ಇದು ಯಾವುದಕ್ಕೂ ಸಾಕ್ಷಿಯಲ್ಲ. ಆದರೂ ಕೇಳಲೇಬೇಕಾದ್ದು: ನಾವು ಕಾಯುತ್ತಿರುವುದು ಅವನ ಮಾತಿಗೋ, ನಮಗೆ ಗೌರವ ತರುವ ಮಾತಿಗೋ?

ಈ ಪ್ರಶ್ನೆ ಸಾಹಿತ್ಯ ಓದುವ ನಮಗೇ ಹೆಚ್ಚು ತಟ್ಟಬೇಕು. ಅದೇ ಹುಡುಗನ ಬಗ್ಗೆ ನಾನು ಕಣ್ಣಾರೆ ಕಂಡದ್ದು ಬೇರೆಯೂ ಇದೆ. ಸಂಜೆ ಹೊರಗೆ ಹೋಗಬೇಕೆನಿಸಿದರೆ ಸ್ಕೂಟರಿನ ಕೀಲಿಯನ್ನು ಮೊಳೆಯಿಂದ ತೆಗೆದು ಅಮ್ಮನ ಅಂಗೈಯಲ್ಲಿ ಇಡುತ್ತಾನೆ. ಏರೋ ಇಂಡಿಯಾ ಬಂತೆಂದರೆ ಯಲಹಂಕದ ಆಕಾಶ ಗುಡುಗುತ್ತದೆ. ಆಗ ಬೀರುವಿನಿಂದ ಹೆಡ್‌ಫೋನ್ ತಂದು ತಾನೇ ಹಾಕಿಕೊಳ್ಳುತ್ತಾನೆ, ಒಮ್ಮೆ ಇನ್ನೊಂದನ್ನು ತಂದು ತಂಗಿಗೂ ಕೊಟ್ಟ. ತಟ್ಟೆಯಲ್ಲಿ ಬದನೆಕಾಯಿ ಕಂಡರೆ ತಟ್ಟೆಯನ್ನೇ ತಳ್ಳುತ್ತಾನೆ. ಇವು ಯಾರೂ ಕೈ ಹಿಡಿಯದೆ ಆಡಿದ ಮಾತುಗಳು. ತಂಗಿಗೆ ಹೆಡ್‌ಫೋನ್ ಕೊಟ್ಟದ್ದರಲ್ಲಿ, ನನಗೆ ಹಿಂಸೆಯಾಗುವುದು ನಿನಗೂ ಆಗುತ್ತಿರಬಹುದು ಎಂಬ ಊಹೆ ಇದೆ. ಎಷ್ಟೋ ಕವಿತೆಗಳಲ್ಲಿ ಅಷ್ಟು ಇರುವುದಿಲ್ಲ. ಆದರೆ ಆ ಹೆಡ್‌ಫೋನಿನ ಬಗ್ಗೆ ಬರೆಯಲು ಯಾವ ಪತ್ರಿಕೆಯವರೂ ಮನೆಗೆ ಬರುವುದಿಲ್ಲ. ಕವಿತೆ ಎಂದರೆ ಬರುತ್ತಾರೆ. ಮಾತು ಬಾರದವನು ಮನುಷ್ಯ ಎಂದು ಒಪ್ಪುವುದಕ್ಕೆ ಅವನೊಳಗೊಬ್ಬ ಕವಿ ಅಡಗಿರಬೇಕು ಎಂದು ನಾವು ಶರತ್ತು ಹಾಕಿದ್ದೇವೆ. ತಾಯಂದಿರು ಆ ಶರತ್ತನ್ನು ಪೂರೈಸಲು ಹೆಣಗುತ್ತಿದ್ದಾರೆ. "ಅವನಿಗೇನೂ ಗೊತ್ತಾಗಲ್ಲ ಬಿಡಿ" ಎಂದು ಅವನೆದುರೇ ಹೇಳುವ ನೆಂಟರು ಮನೆಗೆ ಬಂದು ಹೋಗುತ್ತಿರುವಾಗ, ಇಂಗ್ಲಿಷ್ ಕವಿತೆಯ ಹಾಳೆಯೊಂದು ಆ ತಾಯಿಗೆ ಎಂಥ ಆಸರೆಯಾಗಿರಬೇಕು! ಆಸರೆ ಬೇಕಿದ್ದುದು ಯಾರಿಗೆ ಎಂದು ಕೇಳಿದರೆ ಅದರಲ್ಲಿ ನಮ್ಮ ಪಾಲೂ ಇದೆ.

ಇಷ್ಟಕ್ಕೂ ಕವಿತೆಯಿಂದ ಯಾರಿಗೆ ಏನು ಕೆಡುಕಾಗುತ್ತದೆ, ತಾಯಿ ಸಂತೋಷವಾಗಿರಲಿ ಬಿಡಿ ಎನ್ನುವವರಿದ್ದಾರೆ. ಹಿಡಿದ ಕೈ ಕವಿತೆಗೇ ನಿಲ್ಲುವುದಿಲ್ಲ. 1990ರ ದಶಕದ ಅಮೆರಿಕದಲ್ಲಿ ಹೀಗೆ ಬರೆದ ವಾಕ್ಯಗಳನ್ನು ನಂಬಿ ತಂದೆತಾಯಿಯರ ಮೇಲೆಯೇ ಲೈಂಗಿಕ ದೌರ್ಜನ್ಯದ ಆರೋಪ ಬಂತು, ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದರು. ಪರೀಕ್ಷಿಸಿದಾಗ ಆ ವಾಕ್ಯಗಳು ಮಕ್ಕಳವಲ್ಲ ಎಂದು ತಿಳಿದ ಪ್ರಕರಣಗಳಿವೆ. ನೀತಿಶಾಸ್ತ್ರ ಕಲಿಸುತ್ತಿದ್ದ ರಟ್ಗರ್ಸ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಪ್ರಾಧ್ಯಾಪಕಿ ಆ್ಯನಾ ಸ್ಟಬಲ್‌ಫೀಲ್ಡ್, ತಾನೇ ಕೈ ಹಿಡಿದು ಬರೆಸುತ್ತಿದ್ದ ಮಾತು ಬಾರದ ಯುವಕ ತನ್ನನ್ನು ಪ್ರೀತಿಸಿ ದೇಹಸಂಬಂಧಕ್ಕೆ ಒಪ್ಪಿದ್ದಾನೆ ಎಂದರು. ಆ ಒಪ್ಪಿಗೆ ಬಂದದ್ದೂ ಅದೇ ಟೈಪಿಂಗಿನಿಂದ. 2015ರಲ್ಲಿ ತೀರ್ಪುಗಾರರು ಅವರನ್ನು ಅಪರಾಧಿ ಎಂದರು. 2017ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಗಿ, 2018ರಲ್ಲಿ ಅವರು ಕಡಿಮೆ ತೀವ್ರತೆಯ ಆರೋಪವನ್ನು ಒಪ್ಪಿಕೊಂಡರು. ಕಾನೂನಿನ ಏಳುಬೀಳು ಏನೇ ಇರಲಿ, ಒಬ್ಬರ 'ಹೂಂ' ಇನ್ನೊಬ್ಬರ ಅಂಗೈಯಿಂದ ಹುಟ್ಟಬಹುದಾದರೆ ಒಪ್ಪಿಗೆ ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಅಜ್ಜನ ಹೆಬ್ಬೆಟ್ಟಿಗೂ ಇದಕ್ಕೂ ಉದ್ದೇಶದಲ್ಲಿ ಅಜಗಜಾಂತರ, ಪರಿಣಾಮದಲ್ಲಿ ಅಷ್ಟು ಅಂತರವಿಲ್ಲ.

ನಮ್ಮ ದೇಶದ ಕಾನೂನು ಈ ಬಿಕ್ಕಟ್ಟನ್ನು ಸರಿಯಾಗಿಯೇ ಗ್ರಹಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಂವಹನ ಎಂದರೆ ಬಾಯಿಮಾತು ಮಾತ್ರ ಎನ್ನುವುದಿಲ್ಲ. ಸನ್ನೆ, ಬ್ರೈಲ್, ಚಿತ್ರ, ಪರ್ಯಾಯ ವಿಧಾನಗಳು, ತಂತ್ರಜ್ಞಾನ ಎಲ್ಲವೂ ಅದರಲ್ಲಿ ಸೇರುತ್ತವೆ. ತನ್ನ ವ್ಯವಹಾರವನ್ನು ತಾನೇ ನಿರ್ಧರಿಸುವ ಹಕ್ಕು ವಿಕಲಚೇತನರಿಗೂ ಇದೆ ಎನ್ನುವ 13ನೇ ಸೆಕ್ಷನ್ನೇ, ಬೆಂಬಲ ಕೊಡುವವರು ಅನುಚಿತ ಪ್ರಭಾವ ಬೀರಬಾರದು, ಅವರ ಸ್ವಾತಂತ್ರ್ಯ, ಘನತೆ, ಖಾಸಗಿತನವನ್ನು ಗೌರವಿಸಬೇಕು ಎಂದೂ ಹೇಳುತ್ತದೆ. ಆಸರೆಯೂ ಹಕ್ಕು, ಆಸರೆಯಿಂದ ರಕ್ಷಣೆಯೂ ಹಕ್ಕು. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿರುವುದು ನನಗೆ ವಿವೇಕವಾಗಿ ಕಾಣುತ್ತದೆ.

ಹಾಗಾದರೆ ದಾರಿ ಯಾವುದು? ತುಂಬ ದಾರಿಗಳಿವೆ, ಅವು ನಿಧಾನದವು. ಚಿತ್ರದ ಕಾರ್ಡುಗಳಿವೆ. ಚಿತ್ರ ಒತ್ತಿದರೆ ಪದ ಉಲಿಯುವ ಆ್ಯಪ್‌ಗಳಿವೆ, ಚೆನ್ನೈನಲ್ಲಿ ತಯಾರಾದ 'ಆವಾಜ್' ಅವುಗಳಲ್ಲಿ ಒಂದು. ಕೈ ನಡುಗುವವರಿಗೆ ಟೇಬಲ್ಲಿಗೆ ಬಿಗಿದ ಕೀಲಿಮಣೆ ಇದೆ, ಕಣ್ಣಿನಿಂದ ಆರಿಸುವ ಯಂತ್ರಗಳ ತನಕ ಹೋಗಬಹುದು. ಇವುಗಳಲ್ಲಿ ಯಾವುದೂ ಮೊದಲ ತಿಂಗಳಲ್ಲೇ ಕವಿತೆ ಕೊಡುವುದಿಲ್ಲ. 'ಮೊಸರನ್ನ', 'ಸಾಕು', 'ಹೊರಗೆ', 'ಹೊಟ್ಟೆ ನೋವು' ಎಂಬ ಪದಗಳನ್ನು ಕೊಡುತ್ತವೆ. ಮಾತು ಬಾರದ ಮಗುವಿಗೆ ಹೊಟ್ಟೆ ನೋಯುತ್ತಿದೆ ಎಂದು ತಾನೇ ಹೇಳಲು ಬರುವುದು, ಇಡೀ ಮಹಾಕಾವ್ಯ ಅದರ ಹೆಸರಿನಲ್ಲಿ ಬರುವುದಕ್ಕಿಂತ ದೊಡ್ಡದು. ಕೈ ಹಿಡಿದು ಕಲಿಸುವುದು ಬೇಡವೆಂದಲ್ಲ. ಹಿಡಿದವರು ಇಂದು ಅಂಗೈಯಲ್ಲಿ ಹಿಡಿದದ್ದನ್ನು ನಾಳೆ ಬೆರಳಿನಲ್ಲಿ ಹಿಡಿಯುತ್ತಿದ್ದಾರೆಯೇ, ನಾಡಿದ್ದು ಬಿಡುತ್ತಾರೆಯೇ ಎಂದು ನೋಡಬೇಕು. ವರ್ಷಗಳು ಕಳೆದರೂ ಹಿಡಿತ ಸಡಿಲವಾಗದಿದ್ದರೆ ಅಲ್ಲಿ ಏನೋ ತಪ್ಪಿದೆ.

ಎರಡನೇ ಸಲ ಕಳೆದುಕೊಳ್ಳುತ್ತೇನೆ ಎಂದ ತಾಯಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಹೇಳುವುದಾದರೆ ಹೀಗೆ ಹೇಳಬಹುದು. ಅವನು ಆ ಹಾಳೆಯಲ್ಲಿ ಮಾತ್ರ ಇದ್ದರೆ ಕಳೆದುಹೋಗುತ್ತಾನೆ. ಕೀಲಿ ತಂದು ಕೊಟ್ಟವನು, ತಂಗಿಯ ಕಿವಿ ಮುಚ್ಚಿದವನು ಹಾಳೆಯ ಹೊರಗೆ ಇದ್ದಾನೆ, ಯಾವ ಪರೀಕ್ಷೆಗೂ ಅವನನ್ನು ಕರೆದೊಯ್ಯುವ ಶಕ್ತಿಯಿಲ್ಲ. ಅವನ ಬೆಲೆ ಕವಿತೆಯ ಮೇಲೆ ನಿಂತಿಲ್ಲ ಎಂದು ನಾವೆಲ್ಲ ಗಟ್ಟಿಯಾಗಿ ಹೇಳಿದರೆ, ಕವಿತೆಯನ್ನು ಪರೀಕ್ಷಿಸುವುದು ಅಷ್ಟು ಭಯದ ಸಂಗತಿಯಾಗಿ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದರೆ ಅವನ ಹೆಸರಿಗೆ ಯಾರೂ ಅಲುಗಿಸಲಾಗದ ಆಧಾರ ಸಿಗುತ್ತದೆ. ಸೋತರೆ, ಅವನ ನಿಜವಾದ ಮಾತು ಹುಡುಕಲು ಸಮಯ ಸಿಗುತ್ತದೆ, ಜೊತೆಗೆ ಒಬ್ಬ ಹೊಸ ಕವಯಿತ್ರಿ ಸಿಗುತ್ತಾಳೆ.

ಇಂಥ ಬರಹ ಕೈಗೆ ಬಂದಾಗ ಸಂಪಾದಕರೂ ಓದುಗರೂ ಕೇಳಬಹುದಾದ ಮೊದಲ ಪ್ರಶ್ನೆ ಸಣ್ಣದು: ಈ ಹಲಗೆಯ ಮೇಲೆ ಅವನು ಹಿಡಿದವರಿಗೇ 'ಬೇಡ' ಎನ್ನಬಲ್ಲನೇ? ಹಿಡಿದ ಕೈಗೆ ಕೇಳಿಸಲು ಅತಿ ಕಷ್ಟವಾದ ಪದ ಅದು. ಅವನು ಹಲಗೆಯನ್ನೇ ತಳ್ಳಿ ಬಾಲ್ಕನಿಗೆ ಹೋಗಿ ನಿಂತರೆ, ಬರೆಸುವುದನ್ನು ನಿಲ್ಲಿಸಿ, ಅದನ್ನೂ ಅವನು ಆಡಿದ ಮಾತೆಂದು ಕೇಳಿಸಿಕೊಳ್ಳಬೇಕು.